ಮುಂದಿನ ಗಾಲಿಗಳು

ಹೊಳಬಸಪ್ಪ ಕಡಿಮೆ ಮಾತಿನ ಮನುಷ್ಯ. ಇಳಕಲ್ಲಿನಲ್ಲಿ ಕಲ್ಲಿನ ಗುತ್ತಿಗೆ ಹಿಡಿದಿದ್ದ ಅಂದಾನಪ್ಪನವರ ಜೀಪನ್ನು ಅವನು ಹದಿನಾಲ್ಕು ವರ್ಷ ಓಡಿಸಿದ. ಅಷ್ಟು ವರ್ಷಗಳಲ್ಲಿ ಒಬ್ಬರ ಕೋಳಿಯ ಮೇಲೂ ಗಾಲಿ ಹಾಯಿಸಿದವನಲ್ಲ. ಹುನಗುಂದದ ಕಚೇರಿಗೆ ಕಾಗದ ಮುಟ್ಟಿಸುವುದಿರಲಿ, ಬಾದಾಮಿಯ ಬೀಗರನ್ನು ಊರಿಗೆ ಬಿಟ್ಟುಬರುವುದಿರಲಿ, ಅಂದಾನಪ್ಪನವರು ಅವನ ಕೈಗೆ ಒಪ್ಪಿಸಿ ನಿಶ್ಚಿಂತರಾಗಿಬಿಡುತ್ತಿದ್ದರು. "ಹೊಳಬಸಪ್ಪ ಹೇಳ್ಯಾನಂದ್ರ ಮುಗೀತು" ಎಂದು ದಿನಕ್ಕೊಮ್ಮೆಯಾದರೂ ಅನ್ನುತ್ತಿದ್ದರು. ಹಾಗೆ ಅಂದಾಗಲೆಲ್ಲ ಹೊಳಬಸಪ್ಪ ತಲೆ ತಗ್ಗಿಸುತ್ತಿದ್ದ. ಕಂಡವರು ಅದನ್ನು ವಿನಯವೆಂದು ತಿಳಿದರು. ಅದು ನಾಚಿಕೆಯಾಗಿತ್ತು.

ನಾಚಿಕೆಗೆ ಕಾರಣ ಹುಟ್ಟಿದ್ದು ಎಪ್ಪತ್ತನಾಲ್ಕನೆಯ ಇಸವಿಯಲ್ಲಿ.

ಜೀಪು ಮಿಲಿಟರಿಯವರು ಲಿಲಾವಿನಲ್ಲಿ ಕೂಗಿ ಮಾರಿದ್ದು. ಗೇರಿನ ಪಕ್ಕದಲ್ಲಿ ಅದಕ್ಕೆ ಇನ್ನೊಂದು ಗಿಡ್ಡ ಹಿಡಿಕೆ ಇತ್ತು. ಆ ಹಿಡಿಕೆ ಎಳೆದರೆ ಹಿಂದಿನ ಎರಡು ಗಾಲಿಗಳ ಜೊತೆಗೆ ಮುಂದಿನ ಎರಡೂ ಎಳೆಯತೊಡಗುತ್ತಿದ್ದವು. ಇದಕ್ಕೆ ಡ್ರೈವರರು ಫೋರ್‌ವ್ಹೀಲ್ ಎನ್ನುತ್ತಿದ್ದರು. ಕೆಂಪು ಕಲ್ಲಿನ ಖಣಿಗೆ ಹೋಗುವ ಹಾದಿಯಲ್ಲಿ ಒಂದು ಹಳ್ಳ, ಹಳ್ಳ ದಾಟಿದ ಮೇಲೆ ಕಲ್ಲುಚೂರಿನ ಏರು. ಅಂಥಲ್ಲಿ ಆ ಶಕ್ತಿ ಬೇಕು. ಆದರೆ ಆ ವರ್ಷ ಪೆಟ್ರೋಲಿನ ದರ ಒಮ್ಮೆಲೇ ಏರಿತು. ಅಂದಾನಪ್ಪನವರು ದಿನಾಲೂ ಗೊಣಗತೊಡಗಿದರು. "ಇದು ಜೀಪೋ ಆನಿಯೋ? ಎಷ್ಟ್ ಹಾಕಿದ್ರೂ ಕುಡದ ಬಿಡತೈತೆಲ್ಲಲೇ!"

ಮುಂದಿನ ಗಾಲಿಗಳಿಗೆ ಎಳೆತ ಕೊಡುವ ಉದ್ದನೆಯ ಶಾಫ್ಟನ್ನು ಬಿಚ್ಚಿ ಇಟ್ಟರೆ ಗಾಡಿ ಹಗುರಾಗುತ್ತದೆ, ಪೆಟ್ರೋಲ್ ಉಳಿಯುತ್ತದೆ ಎಂದು ಚಹದಂಗಡಿಯಲ್ಲಿ ಲಾರಿಯವರು ಹೇಳಿದ್ದನ್ನು ಹೊಳಬಸಪ್ಪ ಕೇಳಿದ್ದ. ಬೇರೆ ಜೀಪಿನವರು ಹಾಗೆ ಮಾಡಿಯೂ ಇದ್ದರು. ಒಂದು ಅಮಾವಾಸ್ಯೆಯ ದಿನ ಖಣಿಗೆ ರಜೆ ಇದ್ದಾಗ ಅವನು ಒಬ್ಬನೇ ಗಾಡಿಯ ಕೆಳಗೆ ಹೊಕ್ಕು ಶಾಫ್ಟನ್ನು ಬಿಚ್ಚಿದ. ಕದಿಯಬೇಕೆಂದಾಗಲಿ ಮೋಸ ಮಾಡಬೇಕೆಂದಾಗಲಿ ಬಿಚ್ಚಿದ್ದಲ್ಲ. ಒಂದು ತಿಂಗಳು ನೋಡಿ ಧಣಿಗೆ ಹೇಳಿದರಾಯಿತು ಎಂದುಕೊಂಡಿದ್ದ.

ತಿಂಗಳು ತುಂಬಿದಾಗ ಪೆಟ್ರೋಲ್ ಚೆನ್ನಾಗಿಯೇ ಉಳಿದಿತ್ತು. ಹೇಳಬೇಕಾದ ಮಾತನ್ನು ಮನಸ್ಸಿನಲ್ಲೇ ನಾಲ್ಕಾರು ಸಲ ಹೇಳಿಕೊಂಡು ಅವನು ಧಣಿಯ ಮನೆಯ ಅಂಗಳಕ್ಕೆ ಹೋದ. ಅಲ್ಲಿ ಖಣಿಯ ಜನ ಪಗಾರಕ್ಕಾಗಿ ಕೂಡಿದ್ದರು. ಅಂದಾನಪ್ಪನವರು ಎಲ್ಲರ ಎದುರಿಗೆ ಅವನ ಕೈಗೆ ಒಂದು ಧೋತರ, ಒಂದು ರುಮಾಲು ಕೊಟ್ಟು, "ಗಾಡಿ ಹೊಡಿಯೂದು ಎಲ್ಲಾರಿಗೂ ಬರತೈತಿ. ಗಾಡಿ ಮನಸು ತಿಳಿಯೂದು ಇವನೊಬ್ಬಗ" ಎಂದರು. ಜನ ಮೆಚ್ಚಿ ನಕ್ಕರು. ಹೊಳಬಸಪ್ಪ ಧೋತರವನ್ನು ಕಂಕುಳಲ್ಲಿ ಇರುಕಿಕೊಂಡ. ನಾಳೆ ಹೇಳೋಣವೆಂದುಕೊಂಡ. ಮರುದಿನ ಅದು ಇನ್ನೂ ಕಷ್ಟವಾಯಿತು. ಹಾಗೇ ಒಂಬತ್ತು ವರ್ಷ ಕಳೆದವು.

ಮಳೆಗಾಲದಲ್ಲಿ ಹಳ್ಳದ ಉಸುಕಿನಲ್ಲಿ ಜೀಪು ಸಿಕ್ಕಿಕೊಂಡಾಗ ಅವನು ಎಲ್ಲರಿಗೂ ಕಾಣುವಂತೆ ಗಿಡ್ಡ ಹಿಡಿಕೆಯನ್ನು ಎಳೆಯುತ್ತಿದ್ದ. ಮುಂದಿನ ಗಾಲಿಗಳು ಸುಮ್ಮನೆ ನಿಂತಿರುತ್ತಿದ್ದವು. "ಫೋರ್‌ವ್ಹೀಲಿಗೂ ಬಗ್ಗವಲ್ದು" ಎಂದು ಜನರೇ ಅಂದುಕೊಂಡು ಇಳಿದು ನೂಕುತ್ತಿದ್ದರು. ಅವನು ಏನೂ ಅನ್ನುತ್ತಿರಲಿಲ್ಲ. ಬಾಯಿಂದ ಸುಳ್ಳಾಡಿಲ್ಲವಲ್ಲ ಎಂದು ಸಮಾಧಾನ ಮಾಡಿಕೊಳ್ಳುತ್ತಿದ್ದ. ಹಿಡಿಕೆ ಎಳೆದ ಕೈಯನ್ನು ಮಾತ್ರ ಊಟಕ್ಕೆ ಕೂತಾಗಲೂ ನೋಡಲು ಮನಸ್ಸಾಗುತ್ತಿರಲಿಲ್ಲ.

ಎಂಬತ್ತಮೂರರ ಹೊತ್ತಿಗೆ ಜೀಪು ಮುದಿಯಾಯಿತು. ಇಂಜಿನ್ ಎಣ್ಣೆ ಕಾರತೊಡಗಿತು. ಅಂದಾನಪ್ಪನವರು ಇನ್ನೊಂದು ಖಣಿ ಹಿಡಿದಿದ್ದರು. ಅದರ ಹಾದಿ ಹಳೆಯದಕ್ಕಿಂತ ಕೆಟ್ಟದ್ದು. ಇದನ್ನೇ ಗಟ್ಟಿ ಮಾಡಿಸುವುದೋ, ಮಾರಿ ಹೊಸದು ಕೊಳ್ಳುವುದೋ ಎಂಬ ಮಾತು ಎದ್ದಿತು. ಹುನಗುಂದದಿಂದ ಬಾಬುಸಾಬ ಮಿಸ್ತ್ರಿಯನ್ನು ಕರೆಸಿದರು. ಅವನು ಬಾನೆಟ್ ಎತ್ತಿ ನೋಡಿ, ಸುತ್ತಲೂ ಬಡಿದು ನೋಡಿ, ಕೈ ಒರೆಸಿಕೊಳ್ಳುತ್ತ ಹೇಳಿದ.

"ಡೀಸೆಲ್ ಇಂಜಿನ್ ಕೂಡಸೂಣ್ರಿ. ಕಮಾನು ಹೊಸಾವು ಹಾಕೂಣು, ಟಾಯರ್ ದೊಡ್ಡವು ಏರಸೂಣು. ಇನ್ನೂ ಹತ್ತ್ ವರ್ಷ ಗುಡ್ಡಾ ಹತ್ತತೈತಿ. ಅದಕ್ಕೂ ಮದ್ಲ ಒಂದ್ಸಲ ಕೆಳಗ ಹೊಕ್ಕು ಎಲ್ಲಾ ಬಿಚ್ಚಿ ನೋಡ್ತೇನಿ."

ಬಿಚ್ಚಿ ನೋಡುತ್ತೇನೆಂದ ಕೂಡಲೇ ಹೊಳಬಸಪ್ಪ ಮಿಸ್ತ್ರಿಗೂ ಗಾಡಿಗೂ ನಡುವೆ ಬಂದು ನಿಂತ.

"ಮಾರಿಬಿಡ್ರಿ ಸಾವ್ಕಾರ್ರ" ಎಂದ. ಕೇಳದೆ ಎಂದೂ ಮಾತಾಡದವನು ಮಾತಾಡಿದ್ದರಿಂದ ಇಬ್ಬರೂ ತಿರುಗಿ ನೋಡಿದರು. "ಇದರ ಚಾಸಿ ದಣದೈತ್ರಿ. ಎಷ್ಟ್ ಹಾಕಿದ್ರೂ ದಂಡ."

"ದಣಿಯಾಕ ಅದೇನು ಬಾಡಿಗಿ ಎತ್ತಲೇ?" ಎಂದು ಬಾಬುಸಾಬ ನಕ್ಕ. "ನಿನಗ ಹೊಸಾ ಗಾಡಿ ಹೊಡಿಯೂ ಹುಕಿ ಬಂದೈತಿ ನೋಡು."

ಅಂದಾನಪ್ಪನವರು ಜೀಪಿನ ಮೇಲೆ ಕೈಯಾಡಿಸಿದರು. ಅವರಿಗೆ ಅದನ್ನು ಬಿಡಲು ಇಷ್ಟವಿರಲಿಲ್ಲ. ಆದರೂ, "ಬಾಬುಸಾಬ, ನೀ ದಿನಾ ನೋಡಾವಲ್ಲ. ಇಂವಾ ಹೇಳ್ಯಾನಂದ್ರ ಮುಗೀತು" ಎಂದರು.

ಕೊಳ್ಳಲು ಬಂದವನು ಶಿರೂರಿನ ಆಚೆ ಹಟ್ಟಿಯಲ್ಲಿರುವ ಹುಲ್ಲಪ್ಪ. ಕುರಿ ಸಾಕಿ ಬಾಳುವೆ ಕಟ್ಟಿಕೊಂಡವನು. ತಾಯಿ ರಂಗವ್ವನನ್ನೂ ಕರೆತಂದಿದ್ದ. ಅವರ ಹಟ್ಟಿಗೂ ಬಸ್ಸಿನ ಹಾದಿಗೂ ನಡುವೆ ಒಂದು ದೊಡ್ಡ ಹಳ್ಳ. ರಂಗವ್ವ ಜೀಪಿನ ಸುತ್ತ ಒಂದು ಸುತ್ತು ಬಂದು, "ಬಸ್ರಿ ಹೆಣ್ಮಕ್ಕಳನ್ನ ಹೊರಸಿನ ಮ್ಯಾಲ ಹೊತ್ತು ದವಾಖಾನಿಗೆ ಒಯ್ತೇವ್ರಿ. ಇದು ಹಳ್ಳ ದಾಟಿಸಿದ್ರ ನಮಗ ಅಷ್ಟ ಸಾಕು" ಎಂದಳು.

"ಮುಂದಿನ ಗಾಲಿ ಎಳಿತಾವನ್ರಿ?" ಹುಲ್ಲಪ್ಪ ಕೇಳಿದ.

"ನನಗೇನ್ ಗೊತ್ತು? ಹೊಳಬಸಪ್ಪನ್ನ ಕೇಳ್ರಿ" ಎಂದರು ಅಂದಾನಪ್ಪನವರು.

ಮೂವರೂ ಅವನ ಕಡೆ ನೋಡಿದರು.

"ಎಳಿತಾವ್ರಿ" ಎಂದ ಹೊಳಬಸಪ್ಪ.

ಅಷ್ಟು ದಿನ ಬಾಯಿ ಸುಳ್ಳಾಡಿರಲಿಲ್ಲ. ಈಗ ಅದೂ ಆಯಿತು. ಹುಲ್ಲಪ್ಪ ಮುಂಗಡವಾಗಿ ಸಂಚಕಾರದ ಹಣ ಕೊಟ್ಟ. ರಂಗವ್ವ ಸೆರಗಿನ ಗಂಟು ಬಿಚ್ಚಿ ಬೀರಪ್ಪದೇವರ ಭಂಡಾರದ ಅರಿಷಿಣ ತೆಗೆದು ಬಾನೆಟ್ಟಿಗೆ ಹಚ್ಚಿದಳು. ಮಗನ ಹಣೆಗೆ ಹಚ್ಚಿದಳು. ಆಮೇಲೆ, "ಇಷ್ಟ್ ವರ್ಷ ಜ್ವಾಕಿ ಮಾಡ್ಯಾನ, ಇವಗೂ ಇರ್ಲಿ" ಎಂದು ಹೊಳಬಸಪ್ಪನ ಹಣೆಗೂ ಹಚ್ಚಿದಳು. ಅವನು ಹಿಂದೆ ಸರಿಯಲು ನೋಡಿದ. ಹಿಂದೆ ಜೀಪು ಇತ್ತು.

ಹುಲ್ಲಪ್ಪನಿಗೆ ಇನ್ನೂ ಕೈ ಪಳಗಿರಲಿಲ್ಲ. ಅದಕ್ಕೆ ಹೊಳಬಸಪ್ಪನೇ ಗಾಡಿಯನ್ನು ಹಟ್ಟಿಗೆ ಮುಟ್ಟಿಸಿ ಬಸ್ಸಿಗೆ ತಿರುಗಿ ಬರುವುದೆಂದು ಆಯಿತು. ಹುನಗುಂದ ದಾಟಿದರು, ಅಮೀನಗಡ ದಾಟಿದರು. ದಾರಿಯುದ್ದಕ್ಕೂ ರಂಗವ್ವ ಅದು ಯಾರ ಹೊಲ, ಇದು ಯಾವ ಗುಡಿ ಎಂದು ಹೇಳುತ್ತಲೇ ಇದ್ದಳು. ಶಿರೂರು ಬಿಟ್ಟು ಕಚ್ಚಾ ರಸ್ತೆ ಹಿಡಿದಾಗ ಹಳ್ಳ ಕಂಡಿತು. ಮೊಳಕಾಲುದ್ದ ನೀರು, ನೀರಿನಾಚೆ ಸಡಿಲ ಉಸುಕು.

"ಹಾಕ್ರಿ ಫೋರ್‌ವ್ಹೀಲು, ನೋಡೂಣು!" ಹುಲ್ಲಪ್ಪ ಹುರುಪಿನಿಂದ ಮುಂದಕ್ಕೆ ಬಾಗಿ ಕೂತ.

ಹೊಳಬಸಪ್ಪ ಹಿಡಿಕೆ ಎಳೆದ. ಓಟದ ಬಲದಲ್ಲಿ ಜೀಪು ನೀರು ದಾಟಿತು. ಉಸುಕಿಗೆ ಬಂದದ್ದೇ ತಡ, ಹಿಂದಿನ ಗಾಲಿಗಳು ತಿರುಗಿದಲ್ಲೇ ತಿರುಗಿ ಹೂತುಹೋದವು. ಹುಲ್ಲಪ್ಪ ಇಳಿದು ನೂಕಿದ. ಗಾಡಿ ಅಲುಗಲಿಲ್ಲ. ಆಗ ರಂಗವ್ವನೂ ಇಳಿದಳು. ಅರವತ್ತು ದಾಟಿದ ಹೆಂಗಸು. ಸೀರೆ ಎತ್ತಿ ಕಟ್ಟಿ, ಹಿಂದಿನ ಹಲಗೆಗೆ ಹೆಗಲು ಕೊಟ್ಟು ನಿಂತಳು.

"ಯವ್ವಾ, ನೀ ಬ್ಯಾಡ" ಎಂದ ಹೊಳಬಸಪ್ಪ.

"ಸುಮ್ನಿರೋ ಯಪ್ಪಾ. ಕುರಿ ಎತ್ತಿ ಎತ್ತಿ ಗಟ್ಟಿಯಾದ ಮೈ ಇದು."

ಗಾಲಿ ಇನ್ನೊಮ್ಮೆ ತಿರುಗಿತು. ಕೆಸರು ಹಾರಿ ಅವಳ ಮುಖಕ್ಕೆ, ಕುಪ್ಪಸಕ್ಕೆ ಸಿಡಿಯಿತು. ಹೊಳಬಸಪ್ಪ ಇಂಜಿನ್ ನಿಲ್ಲಿಸಿ ಕೆಳಗಿಳಿದ. ಅವಳು ಸೆರಗಿನಿಂದ ಮುಖ ಒರೆಸಿಕೊಳ್ಳುತ್ತ ಅವನಿಗೇ ಸಮಾಧಾನ ಹೇಳಿದಳು. "ಮಾರಿ ಸಣ್ಣದು ಮಾಡ್ಕೋಬ್ಯಾಡ. ಉಸುಕಿಂದು ತಪ್ಪು. ಗಾಡಿದೂ ಅಲ್ಲ, ನಿಂದೂ ಅಲ್ಲ."

ಬೈದಿದ್ದರೆ ತಾಳಿಕೊಳ್ಳುತ್ತಿದ್ದನೇನೋ. ಹಣೆಯ ಭಂಡಾರ ಬೆವರಿಗೆ ಕರಗಿ ಕಣ್ಣಿಗಿಳಿದಿತ್ತು. ಅದನ್ನು ಒರೆಸಿಕೊಳ್ಳಲೂ ಇಲ್ಲ.

"ನಂದ ತಪ್ಪು ಯವ್ವಾ. ಮುಂದಿನ ಗಾಲಿ ಎಳಿಯೂದಿಲ್ಲ. ಅದರ ಶಾಫ್ಟ್ ನಾನ ಬಿಚ್ಚೇನಿ, ಒಂಬತ್ ವರ್ಷ ಆತು. ಸಾವ್ಕಾರ್ರಿಗೂ ಗೊತ್ತಿಲ್ಲ."

ಹುಲ್ಲಪ್ಪನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಆಮೇಲೆ ಅವನು ಬಾಗಿ ಗಾಡಿಯ ಕೆಳಗೆ ನೋಡಿ ಎದ್ದ. "ನಮ್ಮವ್ವನ ಕಡಿಂದ ನೂಕಿಸಿದಿ" ಎಂದ, ಅಷ್ಟೇ. ದನಿ ಏರಿಸಲಿಲ್ಲ. ಹಟ್ಟಿಯಿಂದ ಎತ್ತು ತರಿಸಿ ಗಾಡಿಯನ್ನು ಹಳ್ಳದ ಈಚೆಗೆ ಎಳೆಸಿದ. "ನಡೀರಿ, ಇಳಕಲ್ಲಿಗೆ ಹೋಗೂಣು. ಈ ಮಾತು ಅಲ್ಲೇ ಹೇಳ್ರಿ."

ತಿರುಗಿ ಹೋಗುವಾಗ ರಂಗವ್ವ ಯಾವ ಹೊಲದ ಹೆಸರನ್ನೂ ಹೇಳಲಿಲ್ಲ.

ಅಂದಾನಪ್ಪನವರು ಕಟ್ಟೆಯ ಮೇಲೆ ಕೂತು ಎಲ್ಲ ಕೇಳಿದರು. ಹೊಳಬಸಪ್ಪ ನೆಲ ನೋಡುತ್ತ ಮೊದಲಿನಿಂದ ಹೇಳಿದ, ಒಂದನ್ನೂ ಬಿಡಲಿಲ್ಲ.

"ಎಲ್ಲೈತಿ ಆ ಶಾಫ್ಟ್?"

"ನಮ್ಮ ಹಿತ್ತಲ ಬಾವಿಗೆ ಐತ್ರಿ. ನೀರು ಸೇದೂ ಗಡಗಡಿಗೆ ಅಚ್ಚು ಮಾಡಿ ಹಾಕೀನಿ."

ಅಂಗಳದಲ್ಲಿ ನಿಂತಿದ್ದ ಯಾರೋ ನಗು ತಡೆದುಕೊಂಡರು. ಅಂದಾನಪ್ಪನವರು ನಗಲಿಲ್ಲ. ಎದ್ದು ಬಂದು, ಬಿಳಿಯ ಧೋತರದಲ್ಲೇ ಕಷ್ಟಪಟ್ಟು ಮೊಳಕಾಲೂರಿ, ಗಾಡಿಯ ಕೆಳಗೆ ಬಾಗಿದರು. ಹೊಳಬಸಪ್ಪ ಚೀಲ ಹಾಸಲು ಓಡಿದ. ಅವರು ಕೈಯಿಂದಲೇ ಬೇಡವೆಂದರು. ಅವನು ನಿಜ ಹೇಳಿ ಎದುರಿಗೆ ನಿಂತಿದ್ದ. ಅವರು ಮಾತ್ರ ನೆಲಕ್ಕೆ ಕೆನ್ನೆ ತಾಗಿಸಿ ತಾವೇ ನೋಡಿ ಖಾತ್ರಿ ಮಾಡಿಕೊಂಡರು. ಏಳುವಾಗ ಅವನು ಚಾಚಿದ ಕೈಯನ್ನು ಬಿಟ್ಟು ಗಾಡಿಯ ಅಂಚನ್ನು ಹಿಡಿದು ಎದ್ದರು.

"ಹುಲ್ಲಪ್ಪ, ನಿಮ್ಮ ಸಂಚಕಾರ ತಿರುಗಿ ತಗೋರಿ" ಎಂದರು. "ಗಾಡಿ ಕೆಟ್ಟೈತಿ ಅಂತ ಮಾರಾಕ ನಿಂತಿದ್ದೆ. ಗಾಡಿ ಕೆಟ್ಟಿಲ್ಲ. ಇದನ್ನ ಮಾಡಿಸಿ ನಾನ ಇಟ್ಕೋತೇನಿ. ನಿಮಗ ಬ್ಯಾರೆ ಜೀಪ್ ನಾ ಹುಡುಕಿ ಕೊಡ್ತೇನಿ, ಬಾಬುಸಾಬ ಕೆಳಗ ಹೊಕ್ಕು ನೋಡಿದ್ದು." ಆಮೇಲೆ ಹೊಳಬಸಪ್ಪನ ಕಡೆ ತಿರುಗಿದರು. "ನಾಳೆ ಹುನಗುಂದಕ್ಕ ಒಯ್ಯಿ. ಯಾರು ಬಿಚ್ಚ್ಯಾರಂತ ಮಿಸ್ತ್ರಿಗೆ ನೀನ ಹೇಳು."

ಕೆಲಸ ಬಿಡೆಂದು ಹೇಳಲಿಲ್ಲ. ಬಿಡೆಂದಿದ್ದರೆ ಹಗುರಾಗುತ್ತಿತ್ತು.

ಮರುದಿನ ಬಾಬುಸಾಬನ ಗ್ಯಾರೇಜಿನಲ್ಲಿ ನಾಲ್ಕು ಜನರೆದುರು ಅವನು ಹೇಳಿದ. ಬಾಬುಸಾಬ ಬೋಲ್ಟು ಬಿಚ್ಚುವ ಪಾನಾ ಹಿಡಿದ ಕೈಯನ್ನು ಸೊಂಟಕ್ಕಿಟ್ಟು, "ಅದಕ್ಕೇನ್ಲೇ ಮಾರ್ರಿ ಮಾರ್ರಿ ಅಂತಿದ್ದಿ! ನಾ ಹೊಸಾ ಗಾಡಿ ಹುಕಿ ಅಂತ ತಿಳದಿದ್ನೆಲ್ಲೋ" ಎಂದ. ಎಲ್ಲರೂ ನಕ್ಕರು. ಹೊಳಬಸಪ್ಪ ತಂದಿದ್ದ ಶಾಫ್ಟು ತುಕ್ಕು ತಿಂದು ಕೆಲಸಕ್ಕೆ ಬರದಂತಾಗಿತ್ತು. ಬಾಬುಸಾಬ ಬಾಗಲಕೋಟೆಯಿಂದ ಬೇರೊಂದನ್ನು ತರಿಸಿದ. ಅದು ಬಂದ ದಿನ ಹೊಳಬಸಪ್ಪ, "ಬಿಚ್ಚಿದಾವ ನಾನು, ನಾನ ಕೂಡಸ್ತೇನಿ" ಎಂದು ಕೇಳಿಕೊಂಡು ತಾನೇ ಕೆಳಗೆ ಹೊಕ್ಕ.

ಎಂಟು ಬೋಲ್ಟು. ಒಂದೊಂದನ್ನೂ ಬಿಗಿದು, ಬೆರಳಿನಿಂದ ತಡವಿ ನೋಡಿ, ಮತ್ತೊಮ್ಮೆ ಬಿಗಿದ. ಕೆಲಸ ಮುಗಿಯಿತು. ಮುಗಿದ ಮೇಲೂ ಅವನು ಅಂಗಾತ ಮಲಗಿಯೇ ಇದ್ದ. ಕೆಳಗೆ ಕತ್ತಲಿತ್ತು, ಗ್ರೀಸಿನ ವಾಸನೆಯಿತ್ತು. ಅಲ್ಲಿ ಅವನ ಮುಖ ಯಾರಿಗೂ ಕಾಣುತ್ತಿರಲಿಲ್ಲ.

ಬಾಬುಸಾಬ ಅವನ ಪಾದವನ್ನು ಕಾಲಿನಿಂದ ಮೆಲ್ಲಗೆ ತಟ್ಟಿದ. "ಏ, ಹೊರಗ ಬಾರೋ. ಚಾ ಆರಾಕ ಹತ್ತೇತಿ."

"ಬಂದೆ" ಎಂದ ಹೊಳಬಸಪ್ಪ. ಆದರೂ ಬರಲು ಅವನಿಗೆ ಇನ್ನಷ್ಟು ಹೊತ್ತು ಹಿಡಿಯಿತು.