ಮಿಡಿಗೆ ಬೆರಳು

ಸ್ಪ್ಯಾನಿಷ್ ಕಲಿಯಲು ಹೊರಟ ನನಗೆ ದೊಡ್ಡ ಗೋಳಾಗಿದ್ದು ‘ಇದು’, ‘ಅದು’. ನಮಗೆ ಎರಡೇ ಸಾಕು, ಅವರಿಗೆ ಮೂರು ಬೇಕು. ನನ್ನ ಹತ್ತಿರದ್ದು ಎಸ್ತೆ, ಕೇಳುವವರ ಹತ್ತಿರದ್ದು ಎಸೆ, ಇಬ್ಬರಿಗೂ ದೂರದ್ದು ಅಕೆಲ್. ಇಷ್ಟೆಲ್ಲ ಅಳೆದು ಮಾತಾಡುವಷ್ಟು ಪುರುಸೊತ್ತು ಯಾರಿಗಿದೆಯೋ! ಆದರೆ ಬಸವನ ಬಾಗೇವಾಡಿ ಕಡೆ ಗಾಳಿಯಂತ್ರ ನಿಲ್ಲಿಸಲು ಬಂದಿದ್ದ ಸ್ಪೇನಿನವರಿಗೆ ದುಭಾಷಿ ಬೇಕಿತ್ತು. ಆ ನೌಕರಿ ಸಿಕ್ಕರೆ ನನ್ನ ಮದುವೆಯ ಮಾತನ್ನು ಮುಂದೂಡಲು ಅಪ್ಪ ಒಪ್ಪಿದ್ದ. ನನಗೆ ಬೇಕಿದ್ದದ್ದೂ ಅಷ್ಟೇ.

ಇಂಡಿ ಪಟ್ಟಣದ ನಮ್ಮ ಮನೆಯ ಹಿತ್ತಲಲ್ಲಿ, ಕೈಯಲ್ಲಿ ಪುಸ್ತಕ ಹಿಡಿದು, ಅವ್ವನನ್ನೇ ಎದುರಿಗೆ ನಿಲ್ಲಿಸಿಕೊಂಡೆ. ಅವಳ ಪಕ್ಕದ ಕೊಡ ತೋರಿಸಿ ‘ಎಸೆ’ ಎನ್ನುವಷ್ಟರಲ್ಲಿ ಅವಳು ಬಟ್ಟೆ ಒಣಹಾಕಲು ಆಚೆ ಸರಿದಿರುತ್ತಿದ್ದಳು.

“ಒಂದ ಕಡೆ ನಿಂದ್ರ ಬೇ ಯವ್ವಾ!”

“ನಾ ಸರದ್ರ ಕೊಡದ ಹೆಸರ ಬದಲಾಗತೈತೇನ?”

ಸಿಟ್ಟಿನಿಂದ ಬೇಲಿಯ ಕುಂಬಳ ಬಳ್ಳಿಯ ಎಳೆಗಾಯಿಯತ್ತ ಬೆರಳು ಮಾಡಿದೆ. ಅವ್ವ ಫಟ್ಟನೆ ಕೈಗೆ ಹೊಡೆದಳು. “ಮಿಡಿಗೆ ಬೆರಳ ಮಾಡಬ್ಯಾಡ, ಕೊಳತ ಹೋಗ್ತಾವ. ಮಡಚಿ ತೋರಸ.” ಚಿಕ್ಕಂದಿನಿಂದ ಕೇಳಿದ ಮಾತೇ. ಮಡಚಿದೆ.

ಬಿಜಾಪುರದಲ್ಲಿ ಸಂದರ್ಶನ. ಸ್ಪೇನಿನ ಹೆಂಗಸೊಬ್ಬಳು ನನ್ನ ಮುಂದಿನ ಲೋಟ, ತನ್ನ ಮುಂದಿನ ಪುಸ್ತಕದ ಬಗ್ಗೆ ಕೇಳಿದಳು. ತಡವರಿಸಿದರೂ ದಾಟಿದೆ. ಕಿಟಕಿಯಾಚೆ ಬೇವು, ಮಾವು ಎರಡೂ ಇದ್ದವು. ಮಾವಿನ ಮರ ಯಾವುದು, ತೋರಿಸು ಎಂದಳು. ಮರದ ತುಂಬ ಮಿಡಿ. ನನ್ನ ಬೆರಳು ತಾನಾಗಿಯೇ ಮಡಚಿಕೊಂಡಿತು. ‘ಅಕೆಲ್’ ಎಂದೆ. ಯಾವುದು, ಎಂದು ಮತ್ತೆ ಕೇಳಿದಳು. ಮತ್ತೆ ಬೆರಳಿನ ಗಿಣ್ಣನ್ನೇ ಮುಂದೆ ಮಾಡಿದೆ. ಮುಷ್ಟಿ ತೋರಿಸುತ್ತಿದ್ದೇನೆ ಅಂದುಕೊಂಡಳೋ ಏನೋ, ಹುಬ್ಬು ಗಂಟಿಕ್ಕಿದಳು. ನಾನು ತಪ್ಪು ಹೇಳಿದೆನೇನೋ ಎಂದು ಗಾಬರಿಯಾಗಿ ಎಸೆ ಎಂದೆ, ಎಸ್ತೆ ಎಂದೆ. ಕಲಿತದ್ದೆಲ್ಲ ಕಲಸುಮೇಲೋಗರ. ಮುಂದಿನ ವಾರ ಇನ್ನೊಮ್ಮೆ ಬಾ, ಅದೇ ಕೊನೆ ಎಂದು ಕಳಿಸಿದಳು.

ಮನೆಗೆ ಬಂದು ಅಳುತ್ತ ಎಲ್ಲ ಹೇಳಿದೆ. ಅವ್ವ ನಗುತ್ತಾಳೆ ಅಂದುಕೊಂಡಿದ್ದೆ. ನಗಲಿಲ್ಲ. ಹಿತ್ತಲಿಗೆ ಎಳೆದುಕೊಂಡು ಹೋಗಿ, ನನ್ನ ಬೆರಳನ್ನು ತಾನೇ ಬಿಡಿಸಿ, ಬಳ್ಳಿಯ ಎಳೆ ಮಿಡಿಗೆ ನೇರ ಹಿಡಿದಳು.

“ಕೊಳತ್ರ ಕೊಳೀಲಿ. ಹೇಳ, ಇದಕ್ಕ ಏನಂತಾರ?”

ಬಳ್ಳಿ ಅವಳಿಗೂ ಹತ್ತಿರವಿತ್ತು, ನನಗೂ ಹತ್ತಿರವಿತ್ತು. ಯಾವ ಶಬ್ದ ಹೇಳಬೇಕೆಂದು ಆಗಲೂ ತಿಳಿಯಲಿಲ್ಲ. ಅವ್ವ ಮಾತ್ರ ನನ್ನ ಬೆರಳು ಬಿಡಲಿಲ್ಲ.