ಮರಿ ಮಲಗಿದ್ದ ಹುಲ್ಲುಬೀಳು

ಉಮ್ಮತ್ತೂರಿನಲ್ಲಿ ನಮ್ಮ ಹೊಲ ಉಳುತ್ತಿದ್ದ ಟ್ರ್ಯಾಕ್ಟರ್ ಡ್ರೈವರ್, ಯಾರು ಅವಸರ ಮಾಡಿದರೂ ಟವೆಲ್ಲಿನಿಂದ ಸೀಟು ಒರೆಸುತ್ತಾ, ‘ಏನರ್ಜೆಂಟು ಬುಡಿ’ ಎನ್ನುತ್ತಿದ್ದ. ನನಗೆ ಸಿಟ್ಟು ಬರುತ್ತಿತ್ತು.

ಒಂದು ವರ್ಷ ಗುಡ್ಡದ ಪಕ್ಕದ ನಮ್ಮ ಹುಲ್ಲುಬೀಳನ್ನೂ ಉತ್ತು ಅರಿಸಿನ ಹಾಕಲು ಹೊರಟೆ. ಸುತ್ತಲಿನ ಜಮೀನೆಲ್ಲ ಸೈಟುಗಳಾಗಿ, ಕೃಷ್ಣಮೃಗಗಳಿಗೆ ಆ ಕಡೆ ಉಳಿದಿದ್ದ ಹುಲ್ಲು ಅದೊಂದೇ. ಡ್ರೈವರ್ ಎರಡು ಸಾಲು ಉತ್ತವನೇ ಇಂಜಿನ್ ಆಫ್ ಮಾಡಿ ಇಳಿದ.

‘ಹುಲ್ಲೊಳ್ಗೆ ಮರಿ ಮಲಿಕಂಡದೆ ಮೇಷ್ಟ್ರೇ. ಅವ್ವ ಬರಗಂಟ ಗಾಡಿ ಓಡಲ್ಲ.’

‘ಎತ್ತಿ ಆಚೆ ಬಿಡಪ್ಪ,’ ಎಂದೆ.

‘ನಾವು ಮುಟ್ಟುದ್ರೆ ಅದ್ರವ್ವ ಸೇರ್ಸಲ್ಲ.’

ಬೇವಿನ ನೆರಳಿನಲ್ಲಿ ಇಬ್ಬರೂ ಕೂತೆವು. ತಾನು ತಂದಿದ್ದ ಮುದ್ದೆಯಲ್ಲಿ ನನಗೂ ಅರ್ಧ ಮುರಿದು ಕೊಟ್ಟ. ಬಿಸಿಲು ಇಳಿಯುವಾಗ ತಾಯಿ ಬಂತು. ಮರಿ ತಡವರಿಸಿ ಎದ್ದು ಹಾಲು ಕುಡಿಯಿತು. ಆಮೇಲೆ ಸುಮ್ಮಸುಮ್ಮನೆ ನಾಲ್ಕೂ ಕಾಲೆತ್ತಿ ನೆಗೆಯಿತು. ಅವು ಬೆದರಬಾರದೆಂದು ಡ್ರೈವರ್ ಬಾಯಿ ಮುಚ್ಚಿಕೊಂಡು ನಕ್ಕ. ನನಗೂ ನಗು ತಡೆಯಲಾಗಲಿಲ್ಲ.

ಅವು ಗುಡ್ಡದ ಕಡೆ ಹೋದ ಮೇಲೆ, ‘ಈಗ ಎಲ್ಲಿಂದ ಉಳ್ಲಿ ಮೇಷ್ಟ್ರೇ?’ ಎಂದು ಕೇಳಿದ.

ನಾನು ಹುಲ್ಲು ಬಿಟ್ಟು, ಕೆಳಗಿನ ಹಳೇ ಹೊಲದತ್ತ ಕೈ ತೋರಿಸಿದೆ. ಅವನು ನನ್ನ ಹೆಗಲು ತಟ್ಟಿದ.

ಆ ಬೀಳನ್ನು ಆಮೇಲೆ ಯಾರೂ ಉತ್ತಿಲ್ಲ. ಈ ವರ್ಷ ಅಲ್ಲಿ ಮೂರು ಮರಿಗಳಿವೆ.