ಮಿಲ್ಲಿನ ಅವ್ವ ಒಪ್ಪಿದ ದೇಶ

ಮಿಲ್ಲಿನಿಂದ ಮನೆಗೆ ಬಂದರೆ ಅವ್ವನ ಹಣೆಯಲ್ಲಿ ವಿಭೂತಿ ಯಾವುದು, ಅಕ್ಕಿಯ ತೌಡು ಯಾವುದು ಎಂದು ತಿಳಿಯುತ್ತಿರಲಿಲ್ಲ. ಹುಬ್ಬು, ರೆಪ್ಪೆ ಕೂಡ ಬೆಳ್ಳಗೆ. ಹೊಸಪೇಟೆಯಿಂದ ಕಂಪ್ಲಿ ಕಡೆಗೆ ಹೋಗುವ ರಸ್ತೆಯಲ್ಲಿ ಅವರದೊಂದು ರೈಸ್ ಮಿಲ್, ಹಿಂದೆಯೇ ಮನೆ. ನನಗೆ ಅವರು ಮನೆಯೊಡತಿ, ಓಣಿಗೆಲ್ಲ ಅವ್ವ.

ಗಂಡನನ್ನು ಬಿಟ್ಟು, ಮಗಳನ್ನು ಎತ್ತಿಕೊಂಡು ಬಂದ ನನಗೆ ಊರಲ್ಲಿ ಯಾರೂ ಬಾಡಿಗೆಗೆ ಮನೆ ಕೊಟ್ಟಿರಲಿಲ್ಲ. “ಯಜಮಾನ್ರು ಏನ್ ಮಾಡ್ತಾರ್ರಿ?” ಎನ್ನುವುದೇ ಎಲ್ಲರ ಮೊದಲ ಪ್ರಶ್ನೆ. ಅವ್ವ ಕೇಳಿದ್ದು, “ಕೂಸು ಏನರ ಉಂಡೈತೇನವ್ವಾ?” ಎಂದಷ್ಟೇ. ಅಂದೇ ತಮ್ಮ ಮನೆಯ ಕೆಳಗಿನ ಕೋಣೆಯನ್ನು ನಮಗೆ ಬಿಟ್ಟುಕೊಟ್ಟರು.

ಮಹಡಿಯ ಕೋಣೆಯಲ್ಲಿ ಆಫ್ರಿಕಾದಿಂದ ಓದಲು ಬಂದ ಹುಡುಗನೊಬ್ಬನಿದ್ದ. ಅವನ ದೇಶಕ್ಕೆ ಸ್ವಂತ ಬಾವುಟವಿತ್ತು, ನೋಟಿತ್ತು, ಸರ್ಕಾರವಿತ್ತು. ಆದರೆ ಅದನ್ನು ದೇಶವೆಂದು ಬೇರೆ ಯಾವ ದೇಶವೂ ಒಪ್ಪಿರಲಿಲ್ಲ. ದಿಲ್ಲಿಯಲ್ಲಿ ರಾಯಭಾರ ಕಚೇರಿಯೂ ಇರಲಿಲ್ಲ. ಅರೆಬರೆ ಕನ್ನಡದಲ್ಲಿ ಅವನು ಇದನ್ನು ವಿವರಿಸಿದಾಗ ಅವ್ವ ನಕ್ಕುಬಿಟ್ಟರು. “ಮಂದಿ ಅದಾರ, ನಿಮ್ಮವ್ವ ಅಲ್ಲೇ ಅಡಿಗಿ ಮಾಡ್ತಾಳ. ಮತ್ತ ಯಾರ್ ಬಂದು ಒಪ್ಪಬೇಕಲೇ?”

ಒಂದು ಬೆಳಿಗ್ಗೆ ಅವನ ತಂದೆ ತೀರಿಕೊಂಡ ಸುದ್ದಿ ಬಂತು. ಪಾಸ್‌ಪೋರ್ಟಿನ ಅವಧಿ ಮುಗಿದಿತ್ತು; ಹೊಸದು ಕೇಳೋಣವೆಂದರೆ ತನ್ನದೆನ್ನುವ ಕಚೇರಿ ಈ ನಾಡಿನಲ್ಲೆಲ್ಲೂ ಇಲ್ಲ. ಮೆಟ್ಟಿಲ ಮೇಲೆ ಚೀಲ ಹಿಡಿದು ಕುಳಿತವನು ಮಧ್ಯಾಹ್ನವಾದರೂ ಏಳಲಿಲ್ಲ.

ಅವ್ವ ಮಿಲ್ಲು ನಿಲ್ಲಿಸಿದರು. ಅಂಗಳದಲ್ಲಿ ಜಮಖಾನ ಹಾಸಿ, ಹಮಾಲರಿಂದ ಹಿಡಿದು ಎದುರುಮನೆಯವರ ತನಕ ಎಲ್ಲರನ್ನೂ ಕರೆದರು. “ಈ ಹುಡುಗನ ಅಪ್ಪ ಹೋಗ್ಯಾನ. ಬರ್ರಿ, ಕುಂದ್ರಿ.” ಅವನು ನಮಾಜಿಗೆ ಹೋಗುತ್ತಿದ್ದ ಪಕ್ಕದ ಓಣಿಯ ಮಸೀದಿಯ ಹಿರಿಯರೊಬ್ಬರು ಪ್ರಾರ್ಥನೆ ಮಾಡಿದರು. ಆಮೇಲೆ ಅವ್ವ ಹುಡುಗನ ಪಕ್ಕದಲ್ಲೇ ಕುಳಿತು, “ನಿಮ್ಮಪ್ಪ ಎಂಥಾವ ಇದ್ದ? ಹೇಳು,” ಎಂದರು. ಅವನು ಹೇಳುತ್ತ ಹೋದ. ತಂದೆಯ ಒಂಟೆಗಳು, ಸಿಟ್ಟು, ಹಾಡು. ಅರ್ಧಕ್ಕರ್ಧ ಅವನದೇ ಭಾಷೆಯಲ್ಲಿ. ಯಾರೂ ಎದ್ದು ಹೋಗಲಿಲ್ಲ. ಹೇಳುತ್ತ ಹೇಳುತ್ತಲೇ ಅವನಿಗೆ ಅಳು ಬಂತು.

ಓದು ಮುಗಿಸಿ, ಹೇಗೋ ಕಾಗದಪತ್ರ ಹೊಂದಿಸಿಕೊಂಡು ಅವನು ಊರಿಗೆ ಹೋದ. ಫೋನು ಮಾತ್ರ ತಪ್ಪಿಸಲಿಲ್ಲ. ಅವ್ವ ಹಾಸಿಗೆ ಹಿಡಿದಿದ್ದಾಗ ಒಂದು ದಿನ ನಾನೇ ಫೋನನ್ನು ಅವರ ಕಿವಿಗೆ ಹಿಡಿದೆ. ಅವನು ಕೂಗುತ್ತಿದ್ದ: “ಅವ್ವಾ, ಒಂದು ದೇಶ ನಮ್ಮನ್ನ ಒಪ್ಪಿತು! ಮೊದಲನೇದು!”

“ಮೊದಲನೇದಂತ! ನಾವೇನ್ ಲೆಕ್ಕಕ್ಕಿಲ್ಲೇನಲೇ?” ಎಂದು ಅವ್ವ ಗದರಿದರು. ಆ ಕಡೆ ಅವನು ನಗುತ್ತಿದ್ದನೋ, ಅಳುತ್ತಿದ್ದನೋ.

ಆ ತಿಂಗಳೇ ಅವ್ವ ಹೋದರು. ನಾನು, ಮಗಳು ಈಗಲೂ ಅದೇ ಮನೆಯಲ್ಲಿದ್ದೇವೆ. ಓಣಿಗೆ ಹೊಸದಾಗಿ ಬಂದವರು ನನ್ನನ್ನು ಅವ್ವನ ಮಗಳೆಂದೇ ತಿಳಿದಿದ್ದಾರೆ. ನಾನು ತಿದ್ದುವುದಿಲ್ಲ.